ನಡೆಯುವ ದಾರಿಗೆ ಸರ್ಕಾರದ ಹಣ: ಉತ್ತರ ಕನ್ನಡದಲ್ಲಿ ಯಾರನ್ನು, ಯಾವಾಗ, ಹೇಗೆ ಕೇಳಬೇಕು

ಕಾರವಾರದಿಂದ ಭಟ್ಕಳದವರೆಗೆ ಹೋಗಿ, ಘಟ್ಟ ಹತ್ತಿ ಶಿರಸಿಗೂ ಬನ್ನಿ. ನಮ್ಮ ಪೇಟೆಗಳಲ್ಲಿ ನಡೆಯುವವರ ಪಾಲಿಗೆ ಬಂದಿರುವ ಜಾಗ ಬಹುತೇಕ ಗಟಾರದ ಮೇಲಿನ ಚಪ್ಪಡಿ ಮಾತ್ರ. ಅದೂ ಅಲ್ಲಲ್ಲಿ ಮುರಿದಿರುತ್ತದೆ, ಉಳಿದ ಕಡೆ ಬೈಕು ನಿಂತಿರುತ್ತದೆ. ಸೈಕಲ್ ಸವಾರನಿಗೆ ಆ ಚಪ್ಪಡಿಯೂ ಇಲ್ಲ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಸರ್ಕಾರ, ಆ ಸೈಕಲ್ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಯೋಚಿಸುವ ಕೆಲಸವನ್ನು ಮಕ್ಕಳಿಗೇ ಬಿಟ್ಟಿತು. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು.

ಕಚೇರಿಗೆ ಹೋಗಿ ಕೇಳಿದರೆ ಸಿಗುವ ಮೊದಲ ಉತ್ತರ ‘ಅನುದಾನ ಇಲ್ಲ’. ಇದನ್ನು ಪೂರ್ತಿ ನಂಬಬೇಕಾಗಿಲ್ಲ, ಪೂರ್ತಿ ಸುಳ್ಳೂ ಅಲ್ಲ. ‘ಪಾದಚಾರಿ ಸುರಕ್ಷತೆ’ ಎಂಬ ಹೆಸರಿನಲ್ಲಿ ನಮ್ಮ ನಗರಸಭೆ, ಪುರಸಭೆಗಳ ಲೆಕ್ಕದಲ್ಲಿ ದುಡ್ಡು ಸಿಗುವುದು ಅಪರೂಪ. ಆದರೆ ರಸ್ತೆ, ಚರಂಡಿ, ಶಾಸಕರ ನಿಧಿ, ಅಂಗವಿಕಲರ ಕಲ್ಯಾಣ, ಮಲೆನಾಡು ಅಭಿವೃದ್ಧಿ ಎಂಬ ಬೇರೆ ಬೇರೆ ಹೆಸರುಗಳಡಿ ಅದು ಹಂಚಿಹೋಗಿದೆ. ಅದನ್ನು ನಿಮ್ಮ ಬೀದಿಗೆ ತರಬೇಕಾದರೆ ‘ಇಂಥ ರಸ್ತೆಯ ಇಂಥ ಬದಿಯ ಇಷ್ಟು ಮೀಟರ್’ ಎಂಬ ಒಂದು ಸಾಲು ಆ ವರ್ಷದ ಕ್ರಿಯಾ ಯೋಜನೆಯೊಳಗೆ, ಅಂದರೆ ಕಚೇರಿ ಆ ವರ್ಷ ಕೈಗೊಳ್ಳುವ ಕಾಮಗಾರಿಗಳ ಪಟ್ಟಿಯೊಳಗೆ, ಬರಬೇಕು. ಆ ಸಾಲು ಇಲ್ಲದಿದ್ದರೆ ಎಷ್ಟು ಪ್ರತಿಭಟನೆ ಮಾಡಿದರೂ ಭರವಸೆ ಬಿಟ್ಟು ಇನ್ನೇನೂ ಸಿಗುವುದಿಲ್ಲ.

ರಸ್ತೆ ಯಾರದು?

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದು. ಹೆಚ್ಚಿನ ಮನವಿಗಳು ಸಾಯುವುದೂ ಇಲ್ಲಿಯೇ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಹೆದ್ದಾರಿ ಪ್ರಾಧಿಕಾರದ್ದು. ಅದರ ಪಕ್ಕದ ಸರ್ವಿಸ್ ರಸ್ತೆಯೂ ಸಾಮಾನ್ಯವಾಗಿ ಅವರದೇ ಗಡಿಯೊಳಗಿರುತ್ತದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಅವು ಪೇಟೆಯ ನಡುವೆ ಹಾದುಹೋದರೂ ಅಷ್ಟೇ. ಹಳ್ಳಿಗಳ ಒಳರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಅಥವಾ ಗ್ರಾಮ ಪಂಚಾಯಿತಿ ನೋಡಿಕೊಳ್ಳುತ್ತದೆ. ಉಳಿದ ಊರೊಳಗಿನ ಬೀದಿಗಳು ಮಾತ್ರ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯವು.

ಒಂದೇ ಬೀದಿಯಲ್ಲಿ ಡಾಂಬರು ಒಬ್ಬರದು, ಗಟಾರ ಇನ್ನೊಬ್ಬರದು, ದೀಪದ ಕಂಬ ಮತ್ತೊಬ್ಬರದು ಆಗಿರುವುದು ಸಾಮಾನ್ಯ. ಬಾಯಿಮಾತಿನಲ್ಲಿ ಕೇಳಿದರೆ ಎಲ್ಲರೂ ‘ಅವರದು’ ಎಂದು ಪಕ್ಕದ ಕಚೇರಿಯತ್ತ ಕೈ ತೋರಿಸುತ್ತಾರೆ. ಆದ್ದರಿಂದ ಬರಹದಲ್ಲಿ ಕೇಳಿ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಾಲ್ಕು ಪ್ರಶ್ನೆ ಸಾಕು: ಈ ರಸ್ತೆ ಯಾವ ಇಲಾಖೆಯ ಆಸ್ತಿ ವಹಿಯಲ್ಲಿದೆ? ದಾಖಲೆಯಲ್ಲಿ ಅದರ ಒಟ್ಟು ಅಗಲ ಎಷ್ಟು? ಕಳೆದ ಮೂರು ವರ್ಷಗಳಲ್ಲಿ ಅದರ ಮೇಲೆ ಯಾವ ಲೆಕ್ಕಶೀರ್ಷಿಕೆಯಡಿ ಎಷ್ಟು ಖರ್ಚಾಗಿದೆ? ಈಗ ಮಂಜೂರಾಗಿ ಬಾಕಿ ಇರುವ ಕಾಮಗಾರಿ ಯಾವುದು?

ಎರಡನೆಯ ಪ್ರಶ್ನೆಯ ಉತ್ತರ ಬಲು ಬೆಲೆಯದು. ‘ಫುಟ್‌ಪಾತಿಗೆ ಜಾಗವೇ ಇಲ್ಲ’ ಎನ್ನುವ ರಸ್ತೆಗಳಲ್ಲಿ ಎಷ್ಟೋ ಸಲ ಜಾಗ ಕಾಗದದ ಮೇಲೆ ಇರುತ್ತದೆ, ಅಂಗಡಿಯ ಮೆಟ್ಟಿಲಿನ ಅಡಿಯಲ್ಲಿ ಇರುತ್ತದೆ.

ಟೇಪು ಹಿಡಿದು ಅಳೆಯಿರಿ

ಊರಿಡೀ ಫುಟ್‌ಪಾತ್ ಬೇಕು ಎಂದು ಕೇಳಬೇಡಿ. ಅಂಥ ಬೇಡಿಕೆಗೆ ಖರ್ಚಿನ ಅಂದಾಜು ಪಟ್ಟಿ ತಯಾರಿಸಲು ಯಾವ ಇಂಜಿನಿಯರನಿಗೂ ಆಗುವುದಿಲ್ಲ, ಹಾಗಾಗಿ ತಯಾರಿಸುವುದೂ ಇಲ್ಲ. ಶಾಲೆಯ ಗೇಟಿನಿಂದ ಬಸ್ ನಿಲ್ದಾಣ, ಆಸ್ಪತ್ರೆಯಿಂದ ಔಷಧದಂಗಡಿಗಳ ಸಾಲು, ಮೀನು ಮಾರುಕಟ್ಟೆಯಿಂದ ಟೆಂಪೋ ನಿಲ್ಲುವ ಜಾಗ — ಹೀಗೆ ಜನ ನಿಜವಾಗಿ ನಡೆಯುವ ಒಂದು ತುಣುಕನ್ನು ಆರಿಸಿ. 200ರಿಂದ 500 ಮೀಟರ್ ಇದ್ದರೆ ಒಂದು ಕಾಮಗಾರಿಯ ಅಳತೆಗೆ ಸರಿಹೋಗುತ್ತದೆ.

ಆಮೇಲೆ ಇಬ್ಬರು ಹೋಗಿ ಅಳೆಯಿರಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ಐಆರ್‌ಸಿ 103, ನಿಮ್ಮ ಜೊತೆಗಿರಲಿ. ಅದರಂತೆ ವಾಸದ ಪ್ರದೇಶದಲ್ಲಿಯೂ ಅಡೆತಡೆ ಇಲ್ಲದ ನಡೆಯುವ ಅಗಲ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರಡಿ, ಇರಬೇಕು. ಪೇಟೆಯಲ್ಲಿ ಇನ್ನೂ ಹೆಚ್ಚು. ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್ ದಾಟಬಾರದು. ನಮ್ಮಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿದ ಗಟಾರದ ಗೋಡೆಯನ್ನೇ ಫುಟ್‌ಪಾತ್ ಎಂದು ಬಿಲ್ ಮಾಡಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಮೊಣಕಾಲು ನೋವಿನ ಅಜ್ಜಿ ಅದನ್ನು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾಳೆ. ಅವಳನ್ನು ನೋಡಿ ‘ಫುಟ್‌ಪಾತ್ ಕೊಟ್ಟರೂ ಜನ ಬಳಸುವುದಿಲ್ಲ’ ಎಂದು ಬರೆಯುವವರೂ ಇದ್ದಾರೆ.

ಸೈಕಲ್ ಸವಾರರಿಗಾಗಿ ನೋಡಬೇಕಾದದ್ದು ಬೇರೆ. ಡಾಂಬರು ಮುಗಿಯುವಲ್ಲಿ ಅಂಚು ಎಷ್ಟು ಕೆಳಗಿದೆ? ಮೇಲಿಂದ ಮೇಲೆ ಡಾಂಬರು ಹಾಕಿ ಪಕ್ಕದ ಮಣ್ಣನ್ನು ಹಾಗೇ ಬಿಟ್ಟರೆ ಅಲ್ಲಿ ಗೇಣುದ್ದದ ತಗ್ಗು ಉಳಿಯುತ್ತದೆ. ಹಿಂದಿನಿಂದ ಬಸ್ ಹಾರ್ನ್ ಹಾಕಿದಾಗ ಸೈಕಲ್ ಉರುಳುವುದು ಅಲ್ಲಿಯೇ. ಮಳೆನೀರು ಇಳಿಯಲು ಹಾಕಿದ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೆ ಸಮನಾಗಿದ್ದರೆ ಸೈಕಲ್ಲಿನ ಗಾಲಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಜಾಲರಿಯನ್ನು ತೆಗೆದು ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ಅರ್ಧ ದಿನದ ಕೆಲಸ. ಪ್ರತ್ಯೇಕ ಸೈಕಲ್ ಪಥ ಕೇಳುವುದು ನಮ್ಮ ಊರುಗಳ ಅಗಲಕ್ಕೆ ಹೊಂದುವುದು ಕಷ್ಟ. ವಾಹನಗಳ ವೇಗ ಇಳಿಸುವುದು, ಅಂಚು ತುಂಬಿಸುವುದು, ಜಾಲರಿ ತಿರುಗಿಸುವುದು ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುತ್ತವೆ ಎಂಬುದು ನನ್ನ ಅಭಿಪ್ರಾಯ.

ಹಂಪ್ ಕೇಳುವವರಿಗೊಂದು ಮಾತು. ನಿಯಮದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲ್ಮೈ ಬಿಲ್ಲಿನಂತೆ ಬಾಗಿರಬೇಕು. ರಾತ್ರೋರಾತ್ರಿ ಉಳಿದ ಕಾಂಕ್ರೀಟಿನಲ್ಲಿ ಎಬ್ಬಿಸಿದ ದಿಬ್ಬ ಹಂಪ್ ಅಲ್ಲ. ಆಂಬುಲೆನ್ಸಿನಲ್ಲಿ ಮಲಗಿದವರ ಬೆನ್ನನ್ನು ಕೇಳಿದರೆ ತಿಳಿಯುತ್ತದೆ. ಶಾಲೆಯ ಮುಂದೆ ಅದಕ್ಕಿಂತ ಉತ್ತಮವಾದದ್ದು ಎತ್ತರಿಸಿದ ದಾಟುದಾರಿ: ಫುಟ್‌ಪಾತಿನ ಮಟ್ಟದಲ್ಲಿಯೇ ರಸ್ತೆಗೆ ಅಡ್ಡಲಾಗಿ ಚಪ್ಪಟೆಯಾದ ಹಾಸು, ಮೇಲೆ ಜೀಬ್ರಾ ಪಟ್ಟಿ. ವಾಹನ ಏರಿ ಇಳಿಯಬೇಕು, ಮಗು ಸಮತಟ್ಟಾಗಿ ನಡೆಯುತ್ತದೆ.

ಅಳತೆಯನ್ನು ಜುಲೈ-ಆಗಸ್ಟ್‌ನಲ್ಲಿ ಒಮ್ಮೆ ಮಾಡಿ, ಚಿತ್ರ ತೆಗೆಯಿರಿ. ಬೇಸಿಗೆಯಲ್ಲಿ ಚೆಂದ ಕಾಣುವ ಇಂಟರ್‌ಲಾಕ್ ಟೈಲ್ಸ್ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುಬಂಡೆಯಾಗುತ್ತದೆ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಜನ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯುತ್ತಾರೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ.

ದುಡ್ಡು ಎಲ್ಲೆಲ್ಲಿ ಕೂತಿದೆ

ಊರೊಳಗಿನ ಬೀದಿಗೆ ಮೊದಲ ಬಾಗಿಲು ಸ್ಥಳೀಯ ಸಂಸ್ಥೆಯೇ. ಅದರ ಕೈಯಲ್ಲಿ ಆಸ್ತಿ ತೆರಿಗೆ ಮುಂತಾದ ಸ್ವಂತ ಆದಾಯ, ರಾಜ್ಯ ಹಣಕಾಸು ಆಯೋಗದ ಅನುದಾನ (ಕಚೇರಿಯಲ್ಲಿ ‘ಎಸ್‌ಎಫ್‌ಸಿ’ ಎನ್ನುತ್ತಾರೆ) ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ ಇರುತ್ತವೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಇಂಥ ಊರುಗಳಿಗೆ ಬಂದ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಲಾಗಿತ್ತು. ಉಳಿದ ಶೇ 40 ಮಾತ್ರ ಮುಕ್ತ ನಿಧಿ. 2026ರ ಏಪ್ರಿಲ್‌ನಿಂದ 2031ರ ಮಾರ್ಚ್‌ವರೆಗೆ 16ನೇ ಆಯೋಗದ ಲೆಕ್ಕ. ಅದರ ಮಾರ್ಗಸೂಚಿಯ ಪ್ರತಿಯನ್ನು ಪೌರಾಯುಕ್ತರ ಕಚೇರಿಯಲ್ಲಿಯೇ ಕೇಳಿ ಓದಿ. ‘ಆ ಹಣ ರಸ್ತೆಗೆ ಬರುವುದಿಲ್ಲ’ ಎಂದರೆ ಯಾವ ಪುಟದಲ್ಲಿ ಹಾಗೆ ಬರೆದಿದೆ ಎಂದು ವಿನಯದಿಂದ ವಿಚಾರಿಸಬಹುದು.

ದೊಡ್ಡ ಮೊತ್ತ ಬರುವುದು ಮುಖ್ಯಮಂತ್ರಿಗಳ ಅಮೃತ ನಗರೋತ್ಥಾನದಂಥ ಯೋಜನೆಗಳಿಂದ. ಅದರ ಕಡತಗಳು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲಿ ಓಡಾಡುತ್ತವೆ. ಹೊಸ ಹಂತ ಘೋಷಣೆಯಾದ ಸುದ್ದಿ ಪತ್ರಿಕೆಯಲ್ಲಿ ಬಂದ ವಾರವೇ ನಿಮ್ಮ ತುಣುಕಿನ ಮನವಿ ಅಲ್ಲಿ ಇರಬೇಕು. ಗುದ್ದಲಿ ಪೂಜೆಯ ಫೋಟೋ ಬಂದ ಮೇಲೆ ಹೋದರೆ ಪ್ರಯೋಜನವಿಲ್ಲ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದು 5 ಕೋಟಿ. ಕೇಳಲು ಸಂಸದರದು ದೊಡ್ಡದು. ಆದರೆ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ನಮ್ಮ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ಇವೆ. ಎಂಟಕ್ಕೆ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಶಾಸಕರ ನಿಧಿಗಿಂತ ಕಡಿಮೆ. ಜನ ಮರೆಯುವ ಇನ್ನೊಂದು ಬಾಗಿಲು ವಿಧಾನ ಪರಿಷತ್ ಸದಸ್ಯರದು. ಅವರಿಗೂ ಶಾಸಕರಷ್ಟೇ ನಿಧಿ ಇದೆ, ಬಾಗಿಲಲ್ಲಿ ಸರತಿ ಚಿಕ್ಕದು. ಇಲ್ಲೆಲ್ಲ ಹಣ ಅವರ ಕೈಯಿಂದ ಬರುವುದಿಲ್ಲ. ಅವರು ಶಿಫಾರಸು ಪತ್ರ ಕೊಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಪತ್ರ ಕೊಟ್ಟ ದಿನ ನಿಶ್ಚಿಂತರಾಗಿ ಮನೆಗೆ ಹೋಗಬೇಡಿ. ಅದರ ಪ್ರತಿ ಹಿಡಿದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕಡತದ ಸಂಖ್ಯೆ ಪಡೆಯಿರಿ.

ಸ್ಥಳೀಯ ಸಂಸ್ಥೆಗಳ ಬಜೆಟ್ಟಿನಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಶೇ 5 ಎಂಬ ಮೀಸಲು ಇರುತ್ತದೆ. ಆಸ್ಪತ್ರೆ, ಬಸ್ ನಿಲ್ದಾಣ, ತಹಶೀಲ್ದಾರ್ ಕಚೇರಿಗಳ ಸುತ್ತ ಇಳಿಜಾರು ಕಟ್ಟಲು ಇದರಿಂದ ಪಾಲು ಸಿಗುತ್ತದೆಯೇ ಎಂದು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ಮನವಿಯಲ್ಲಿ ಉಲ್ಲೇಖಿಸಿ. ಇಳಿಜಾರು 12 ಅಡಿ ಉದ್ದಕ್ಕೆ ಒಂದು ಅಡಿ ಏರುವಷ್ಟು ನಿಧಾನವಾಗಿರಬೇಕು. ಕಡಿದಾದ ಇಳಿಜಾರು ಬೈಕ್ ಹತ್ತಿಸಲು ಮಾತ್ರ ಅನುಕೂಲ.

ಹಳ್ಳಿಯ ಕಡೆ ದಾರಿ ಬೇರೆ. ಅಕ್ಟೋಬರ್ 2ರಿಂದ ಜನವರಿ ಕೊನೆಯವರೆಗೆ ನಡೆಯುವ ಜನರ ಯೋಜನೆ ಅಭಿಯಾನದಲ್ಲಿ ವಾರ್ಡ್ ಸಭೆ, ಗ್ರಾಮಸಭೆಗಳ ಮೂಲಕ ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ತಯಾರಾಗುತ್ತದೆ. ಅಲ್ಲಿ ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕುರ್ಚಿ ಬಿಡಬೇಡಿ. ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳಿರುವ ಕಡೆ ಕೇಳಬೇಕಾದದ್ದು ಫುಟ್‌ಪಾತ್ ಅಲ್ಲ, ಕಾಲುಸಂಕ, ಅಂದರೆ ನಡೆದು ದಾಟುವ ಚಿಕ್ಕ ಸೇತುವೆ. ಅಡಿಕೆ ಮರದ ಸಂಕ ಕಟ್ಟಿಕೊಂಡು ಮಳೆಗಾಲ ಕಳೆಯುವ ಕೇರಿಗಳು ಶಿರಸಿ, ಸಿದ್ದಾಪುರ, ಹೊನ್ನಾವರದ ಒಳಭಾಗದಲ್ಲಿ ಈಗಲೂ ಇವೆ. ಲೋಕೋಪಯೋಗಿ ಇಲಾಖೆಯ ‘ಶಾಲಾ ಸಂಪರ್ಕ ಸೇತು’ ಇದಕ್ಕಾಗಿಯೇ ಬಂದ ಯೋಜನೆ. ಶಿವಮೊಗ್ಗದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯೂ ಇಂಥ ಚಿಕ್ಕ ಸಂಕ, ರಸ್ತೆಗಳಿಗೆ ಹಣ ಕೊಡುತ್ತದೆ. ಕರಾವಳಿ ತಾಲೂಕುಗಳಿಗೆ ಮಂಗಳೂರಿನ ಕರಾವಳಿ ಅಭಿವೃದ್ಧಿ ಪ್ರಾಧಿಕಾರವೂ (ಈಗ ಮಂಡಳಿ) ಒಂದು ಬಾಗಿಲು. ಈ ಎರಡರ ಹೆಸರು ಪೇಟೆಯ ಜನಕ್ಕೆ ಅಷ್ಟಾಗಿ ನೆನಪಿರುವುದಿಲ್ಲ.

ಬೆಂಗಳೂರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ, ಅದರ ಕೈಯಲ್ಲಿ ರಾಜ್ಯ ನಗರ ಸಾರಿಗೆ ನಿಧಿ ಇವೆ. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾದದ್ದು ಈ ನಿರ್ದೇಶನಾಲಯದ ಕೈಯಿಂದಲೇ. ಕಾರವಾರದಷ್ಟು ಊರಿಗೆ ಅಲ್ಲಿಂದ ಹಣ ಬರಬೇಕಾದರೆ ನಗರಸಭೆಯೇ ಪ್ರಸ್ತಾವನೆ ಕಳಿಸಬೇಕು. ನಾಗರಿಕರು ನೇರವಾಗಿ ಬರೆದು ಸಮಯ ಕಳೆಯುವುದಕ್ಕಿಂತ ನಗರಸಭೆಯಿಂದ ಬರೆಸುವುದು ಲೇಸು.

ಎಲ್ಲಕ್ಕಿಂತ ಸುಲಭದ ದಾರಿ: ಗಟಾರದ ಕಾಮಗಾರಿ

ಹೊಸ ಹಣ ಹುಡುಕುವುದಕ್ಕಿಂತ ಈಗಾಗಲೇ ಮಂಜೂರಾದ ಹಣದೊಳಗೆ ಫುಟ್‌ಪಾತ್ ಸೇರಿಸುವುದು ಸುಲಭ. ನಮ್ಮ ಜಿಲ್ಲೆಯಲ್ಲಿ ಮಳೆಯ ಕಾರಣದಿಂದ ಗಟಾರ ಕಟ್ಟುವ ಕೆಲಸ ಎಂದೂ ನಿಲ್ಲುವುದಿಲ್ಲ. ಹೊಸ ಕಾಂಕ್ರೀಟ್ ಗಟಾರದ ಅಂದಾಜು ಪಟ್ಟಿಯಲ್ಲಿ ಮೇಲ್ಚಪ್ಪಡಿಯೂ ಇದ್ದರೆ ಫುಟ್‌ಪಾತಿನ ಮುಕ್ಕಾಲು ಕೆಲಸ ಅಲ್ಲಿಯೇ ಆದಂತೆ. ಕೇಳಬೇಕಾದದ್ದು ಇಷ್ಟೇ: ಚಪ್ಪಡಿಯ ಮಟ್ಟ ರಸ್ತೆಯಿಂದ ಆರಿಂಚಿಗಿಂತ ಮೇಲೆ ಹೋಗದಿರಲಿ; ಚಪ್ಪಡಿಗಳ ನಡುವೆ ಕಾಲು ಸಿಗುವಷ್ಟು ಸಂದು ಬೇಡ; ಹೂಳೆತ್ತಲು ತೆರೆಯುವ ಚಪ್ಪಡಿಗೆ ಹಿಡಿಕೆ ಇರಲಿ, ಆದರೆ ಆ ಹಿಡಿಕೆ ಮೇಲೆ ಎದ್ದು ನಿಂತು ಎಡವಿಸದಿರಲಿ; ಕಂಬ ಬಂದಲ್ಲಿ ಗಟಾರ ಬಳಸಿ ಹೋದರೆ ಚಪ್ಪಡಿಯೂ ಬಳಸಿ ಹೋಗಲಿ; ಮನೆಗಳ ಗೇಟು ಬಂದಲ್ಲಿ ಫುಟ್‌ಪಾತ್ ಇಳಿದು ಏರದೆ, ವಾಹನಕ್ಕೆ ಮಾತ್ರ ಇಳಿಜಾರು ಕೊಡಲಿ.

ಇದನ್ನೆಲ್ಲ ಟೆಂಡರ್ ಆಗುವ ಮೊದಲೇ ಕಿರಿಯ ಅಭಿಯಂತರರ ಮೇಜಿನ ಮುಂದೆ ಕೂತು ಹೇಳಬೇಕು. ಅಂದಾಜು ಪಟ್ಟಿ ಬರೆಯುವವರು ಅವರೇ. ಒಂದು ಸಲ ತಾಂತ್ರಿಕ ಮಂಜೂರಾತಿ ಆಗಿ, ಟೆಂಡರ್ ಕರೆದು, ಕಾರ್ಯಾದೇಶ ಕೊಟ್ಟ ಮೇಲೆ ‘ಸ್ವಲ್ಪ ಅಗಲ ಮಾಡಿ’ ಎಂದರೆ ಗುತ್ತಿಗೆದಾರ ನಗುತ್ತಾನೆ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಬಿಲ್ ಆಗುವುದಿಲ್ಲ, ಅವನದು ತಪ್ಪೂ ಅಲ್ಲ. ರಸ್ತೆಗೆ ಮರುಡಾಂಬರೀಕರಣ ಮಂಜೂರಾದಾಗಲೂ ಹೀಗೆಯೇ. ಜೀಬ್ರಾ ಪಟ್ಟಿ, ಅಂಚು ತುಂಬುವಿಕೆ, ಫಲಕಗಳನ್ನು ಅದೇ ಅಂದಾಜಿನಲ್ಲಿ ಸೇರಿಸಿದರೆ ಒಟ್ಟು ಮೊತ್ತದಲ್ಲಿ ಅದು ಚಿಲ್ಲರೆ. ಪ್ರತ್ಯೇಕವಾಗಿ ಕೇಳಿದರೆ ಮತ್ತೊಂದು ಕಡತ, ಮತ್ತೊಂದು ವರ್ಷ.

ಮನವಿ ಬರೆಯುವ ಬಗೆ

ಒಂದು ಪುಟ ಸಾಕು. ಮಾದರಿ ಹೀಗಿರಲಿ:

ಇವರಿಗೆ: ಪೌರಾಯುಕ್ತರು, ನಗರಸಭೆ (ಪುರಸಭೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗಳು).
ವಿಷಯ: ವಾರ್ಡ್ ಸಂಖ್ಯೆ … ರ ಪ್ರೌಢಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ ರಸ್ತೆಯ ಎಡಬದಿಯ 320 ಮೀಟರ್ ಉದ್ದಕ್ಕೆ ಪಾದಚಾರಿ ಮಾರ್ಗ ಹಾಗೂ ಶಾಲೆಯ ಮುಂದೆ ಒಂದು ಎತ್ತರಿಸಿದ ದಾಟುದಾರಿಯನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸುವ ಕುರಿತು.
ಮಾನ್ಯರೇ, ಈ ರಸ್ತೆ ತಮ್ಮ ಆಸ್ತಿ ವಹಿಯಲ್ಲಿದ್ದು ದಾಖಲೆಯ ಅಗಲ … ಮೀಟರ್ ಎಂದು ತಮ್ಮ ಕಚೇರಿಯ … ದಿನಾಂಕದ ಪತ್ರದಲ್ಲಿ ತಿಳಿಸಲಾಗಿದೆ. ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳು ಡಾಂಬರಿನ ಮೇಲೆಯೇ ನಡೆಯುತ್ತಿದ್ದಾರೆ. ಮೂರು ಕಡೆ ಚಪ್ಪಡಿ ಮುರಿದಿದೆ (ಚಿತ್ರ 1ರಿಂದ 3). ಐಆರ್‌ಸಿ 103ರ ಅಳತೆಯಂತೆ ಅಂದಾಜು ಪಟ್ಟಿ ತಯಾರಿಸಿ, ಲಭ್ಯವಿರುವ ಅನುದಾನದಡಿ ಕ್ರಿಯಾ ಯೋಜನೆಗೆ ಸೇರಿಸಬೇಕೆಂದು ಕೋರುತ್ತೇವೆ. ಲಗತ್ತು: ಕೈನಕ್ಷೆ, ಚಿತ್ರಗಳು, ಶಾಲಾಭಿವೃದ್ಧಿ ಸಮಿತಿಯ ಠರಾವು, ಸಹಿಗಳು.

ಠರಾವು ಎಂದದ್ದನ್ನು ಗಮನಿಸಿ. ನೂರು ಸಹಿಗಳಿಗಿಂತ ಶಾಲಾಭಿವೃದ್ಧಿ ಸಮಿತಿಯ ಅಥವಾ ವರ್ತಕರ ಸಂಘದ ಒಂದು ಠರಾವು ಕಡತದಲ್ಲಿ ಹೆಚ್ಚು ತೂಗುತ್ತದೆ. ವರ್ತಕರ ಸಂಘದ್ದಾದರೆ ಇನ್ನೂ ಉತ್ತಮ, ಏಕೆಂದರೆ ಮುಂದೆ ಆಕ್ಷೇಪ ಬರುವುದು ಅವರಿಂದಲೇ. ಮನವಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ವಾರ್ಡಿನ ಸದಸ್ಯರಿಗೆ ಒಂದು ಪ್ರತಿ. ಆಡಳಿತ ಮಂಡಳಿಯ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿಗಳಿಗೆ ಕೊಡಿ. ಆಗ ಸದಸ್ಯರ ನಡುವಿನ ಎಳೆದಾಟ ಇರುವುದಿಲ್ಲ, ಒಮ್ಮೊಮ್ಮೆ ಕೆಲಸ ಬೇಗ ಆಗುವುದೂ ಉಂಟು.

ಕಾನೂನಿನ ಬಲ ಬೇಕಾದರೆ ಒಂದೇ ಸಾಲು ಸೇರಿಸಿ: ಅಡೆತಡೆ ಇಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ, ಅದೇ ವರ್ಷದ ಅಕ್ಟೋಬರಿನಲ್ಲಿ ಪಾದಚಾರಿಗಳು ಮತ್ತು ಯಂತ್ರರಹಿತ ವಾಹನಗಳ ಕುರಿತು ಮೋಟಾರು ವಾಹನ ಕಾಯ್ದೆಯ 138(1ಎ) ಕಲಮಿನಡಿ ನಿಯಮ ರೂಪಿಸಲು ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿದೆ. ಇದಕ್ಕಿಂತ ಹೆಚ್ಚು ಕಾನೂನು ಬರೆದರೆ ಮನವಿ ನೋಟಿಸಿನಂತೆ ಕಾಣುತ್ತದೆ, ಅಧಿಕಾರಿ ಅದನ್ನು ಕಾನೂನು ಸಲಹೆಗಾರರಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ.

ಯಾವ ತಿಂಗಳು ಏನು

ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಶುರು. ನಮ್ಮ ಕಾಮಗಾರಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಂಕ್ರೀಟ್ ಹಾಕಿದರೂ ಬಣ್ಣ ಬಳಿದರೂ ಸಮುದ್ರಕ್ಕೆ ಹೋಗುತ್ತದೆ. ಈ ಎರಡು ವರ್ಷಗಳನ್ನು ಹೊಂದಿಸಿಕೊಂಡರೆ ಅರ್ಧ ಗೆದ್ದಂತೆ. ಮಳೆಗಾಲದಲ್ಲಿ ಅಳತೆ, ಚಿತ್ರ, ಮಾಹಿತಿ ಹಕ್ಕು ಅರ್ಜಿ. ನವೆಂಬರ್ ಹೊತ್ತಿಗೆ ಮನವಿ ಮತ್ತು ಅಭಿಯಂತರರೊಂದಿಗೆ ಸ್ಥಳ ಭೇಟಿ. ಡಿಸೆಂಬರ್-ಜನವರಿಯಲ್ಲಿ ಸ್ಥಳೀಯ ಸಂಸ್ಥೆಗಳು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣದಾಗಿ ಪ್ರಕಟಣೆ ಬರುತ್ತದೆ, ಹೋಗುವವರು ಬೆರಳೆಣಿಕೆಯ ಜನ. ಆ ಸಭೆಯಲ್ಲಿ ಎದ್ದು ನಿಂತು ನಿಮ್ಮ 320 ಮೀಟರ್ ಹೆಸರಿಸಿ, ನಡಾವಳಿಯಲ್ಲಿ ಬರೆಸಿ. ಏಪ್ರಿಲ್-ಮೇ ತಿಂಗಳಲ್ಲಿ ಕ್ರಿಯಾ ಯೋಜನೆ ಅನುಮೋದನೆಗೆ ಹೋಗುವಾಗ ಮತ್ತೊಮ್ಮೆ ವಿಚಾರಿಸಿ. ಮಾರ್ಚ್ ಕೊನೆಯ ವಾರದಲ್ಲಿ ಹೊಸ ಮನವಿ ಹಿಡಿದು ಹೋಗಬೇಡಿ, ಆಗ ಇಡೀ ಕಚೇರಿ ಬಿಲ್ ಮಾಡುವುದರಲ್ಲಿ ಮುಳುಗಿರುತ್ತದೆ.

ಶಿರಸಿಯವರಿಗೆ ಹೆಚ್ಚುವರಿ ಅವಕಾಶವೊಂದಿದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಮೊದಲು ಪೇಟೆಯ ರಸ್ತೆಗಳ ಮೇಲೆ ಆಡಳಿತದ ಕಣ್ಣು ತಾನಾಗಿಯೇ ಬೀಳುತ್ತದೆ. ಜಾತ್ರೆ ನಡೆಯುವ ಬಿಡ್ಕಿಬೈಲಿನ ಸುತ್ತ ಜನ ನಡೆಯಲು ಜಾಗ ಮಾಡುವ ಕೆಲಸವನ್ನು ಜಾತ್ರೆಯ ಪೂರ್ವಸಿದ್ಧತಾ ಸಭೆಯಲ್ಲಿ ಎತ್ತಿದರೆ, ಬೇರೆ ದಿನ ವರ್ಷ ಹಿಡಿಯುವುದು ವಾರಗಳಲ್ಲಿ ಆಗಬಹುದು. ತಾತ್ಕಾಲಿಕ ಅಲ್ಲ, ಶಾಶ್ವತ ಎಂದು ಬರೆಸಿಕೊಳ್ಳಿ.

ಹೆದ್ದಾರಿಯಾದರೆ

ಹೆದ್ದಾರಿ 66ರ ವಿಷಯ ಹೆಚ್ಚು ಬಿಗಿ. ಅದರ ಗಡಿಯೊಳಗೆ ನಗರಸಭೆ ತನ್ನ ಹಣ ಹಾಕಲು ಪ್ರಾಧಿಕಾರದ ಒಪ್ಪಿಗೆ ಬೇಕು. ಇಲ್ಲಿ ಕೆಲಸಕ್ಕೆ ಬರುವ ವೇದಿಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಪೊಲೀಸ್, ಸಾರಿಗೆ, ಲೋಕೋಪಯೋಗಿ, ಹೆದ್ದಾರಿ ಪ್ರಾಧಿಕಾರದವರು ಒಂದೇ ಮೇಜಿನಲ್ಲಿ ಕೂರುವುದರಿಂದ ‘ಅವರದು’ ಎಂದು ಕೈ ತೋರಿಸಲು ಜಾಗ ಇರುವುದಿಲ್ಲ. ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಬರೆದು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಲು ಕೇಳಿ.

ಅಲ್ಲಿ ಮಾತಾಡುವ ಭಾಷೆ ಅಂಕಿ. ಸುಮಾರು 500 ಮೀಟರ್ ಹೆದ್ದಾರಿಯಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಆಗಿದ್ದರೆ ಅದು ಕೇಂದ್ರ ಸಚಿವಾಲಯದ ವ್ಯಾಖ್ಯೆಯಂತೆ ಅಪಘಾತ ವಲಯ, ಇಲಾಖೆಯವರ ಮಾತಿನಲ್ಲಿ ಬ್ಲ್ಯಾಕ್ ಸ್ಪಾಟ್. ಹಾಗೆ ಗುರುತಿಸಿದರೆ ದುರಸ್ತಿಗೆ ಹಣದ ದಾರಿ ತೆರೆಯುತ್ತದೆ. ನಿಮ್ಮ ಕ್ರಾಸಿನ ಅಪಘಾತಗಳ ಲೆಕ್ಕವನ್ನು ಪೊಲೀಸರಿಂದ ಮಾಹಿತಿ ಹಕ್ಕಿನಡಿ ಪಡೆಯಿರಿ. ಹೆಸರು ಬೇಡ, ದಿನಾಂಕ, ಸ್ಥಳ, ಪಾದಚಾರಿಯೋ ಸೈಕಲ್ಲೋ ಎಂಬುದು ಸಾಕು. ಸಂಖ್ಯೆ ಐದಕ್ಕೆ ಮುಟ್ಟದಿದ್ದರೆ? ಸಾಯುವವರಿಗಾಗಿ ಕಾಯಬೇಕಾಗಿಲ್ಲ. ಶಾಲೆ, ಆಸ್ಪತ್ರೆಯ ಮುಂದಿನ ದಾಟುವಿಕೆ ಎಂಬ ಕಾರಣದ ಮೇಲೆಯೇ ಸುರಕ್ಷತಾ ಪರಿಶೀಲನೆ ಕೇಳಬಹುದು. ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮು ಹೇಳುತ್ತದೆ. ಮೊತ್ತ ದೊಡ್ಡದಲ್ಲ, ಆದರೆ ಕೆಟ್ಟ ಜಾಗದ ಬಗ್ಗೆ ನೀವು ಮೊದಲೇ ಬರೆದು ಕೊಟ್ಟ ಪತ್ರ ಕಡತದಲ್ಲಿ ಇದ್ದರೆ ಆ ಕಲಮಿಗೆ ಹಲ್ಲು ಬರುತ್ತದೆ.

ಹೆದ್ದಾರಿಯಲ್ಲಿ ಹಂಪ್ ಕೇಳಬೇಡಿ, ಕೊಡುವುದಿಲ್ಲ. ಮೇಲ್ಸೇತುವೆಯನ್ನೂ ಯೋಚಿಸಿ ಕೇಳಿ. ಅಧಿಕಾರಿಗಳಿಗೆ ಅದು ಇಷ್ಟ, ಉದ್ಘಾಟನೆಗೂ ಚೆಂದ. ಆದರೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು ಎರಡು ಮಹಡಿ ಹತ್ತಿ ಇಳಿದು ರಸ್ತೆ ದಾಟುವುದಿಲ್ಲ. ನಡುವಿನ ಗಿಡಗಳ ಸಂದಿಯಲ್ಲೇ ನುಸುಳುತ್ತಾಳೆ. ಕೆಳಸೇತುವೆ, ಅದಾಗದಿದ್ದರೆ ನಡುವೆ ನಿಲ್ಲಲು ರಕ್ಷಿತ ಜಾಗವಿರುವ, ಬೆಳಕಿರುವ ದಾಟುದಾರಿ, ವಾಹನ ಆ ದಾಟುದಾರಿಗೆ ಬರುವ ಮೊದಲೇ ಅದರ ವೇಗ ತಗ್ಗಿಸುವ ಪಟ್ಟಿಗಳು: ಈ ಕ್ರಮದಲ್ಲಿ ಕೇಳಿ. ದೀಪ ಕೆಟ್ಟದ್ದು, ತಡೆಬೇಲಿ ಮುರಿದದ್ದು ಮುಂತಾದ ನಿರ್ವಹಣೆಯ ದೂರಿಗೆ 1033ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಾಜ್ಯದ ಇಲಾಖೆಗಳ ದೂರಿಗೆ ಜನಸ್ಪಂದನದ 1902.

ಅಂಗಡಿ, ಗಾಡಿ, ಪಾರ್ಕಿಂಗ್

ಹಣ ಮಂಜೂರಾದ ಮೇಲೆ ಏಳುವ ನಿಜವಾದ ಜಗಳ ಇದು. ಫುಟ್‌ಪಾತ್ ಬಂದರೆ ತಮ್ಮ ಅಂಗಡಿಯ ಮುಂದೆ ಗಿರಾಕಿಯ ಬೈಕ್ ನಿಲ್ಲುವುದಿಲ್ಲ ಎಂಬ ಭಯ ವ್ಯಾಪಾರಿಗಳದು. ಮಾತುಕತೆಗೆ ಹೋಗುವಾಗ ಪಕ್ಕದ ಬೀದಿಯಲ್ಲಿ ಬೈಕ್ ನಿಲ್ಲಿಸುವ ಜಾಗವನ್ನೂ ಗುರುತಿಸಿಕೊಂಡೇ ಹೋಗಿ. ಬೀದಿ ವ್ಯಾಪಾರಿಗಳನ್ನು ಓಡಿಸಿ ದಾರಿ ಮಾಡಿಸುವ ಯೋಚನೆ ಬೇಡ; 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ, ಜಾಗ ನಿರ್ಧರಿಸಲು ಪಟ್ಟಣ ಮಾರಾಟ ಸಮಿತಿ ಇದೆ. ಕಾರವಾರದ ಭಾನುವಾರದ ಸಂತೆಯ ದಿನ ನೋಡಿ. ಸೊಪ್ಪು ಮಾರಲು ಕೂತವರು ಪಾದಚಾರಿಯ ವೈರಿಗಳಲ್ಲ, ಅವರ ಗಿರಾಕಿಗಳೆಲ್ಲ ಪಾದಚಾರಿಗಳೇ. ದಾರಿ ಕಟ್ಟುವುದು ಹೆಚ್ಚಾಗಿ ನಿಲ್ಲಿಸಿಹೋದ ಕಾರು.

ಕೆಲಸ ನಡೆಯುವಾಗ

ಕಾರ್ಯಾದೇಶದ ಮತ್ತು ಅಂದಾಜು ಪಟ್ಟಿಯ ಪ್ರತಿ ಪಡೆದುಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆಯಡಿ ಕಾಗದ ಕೇಳುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ ಅವಕಾಶವಿದೆ. ಇದನ್ನು ಬಳಸಬೇಕಾದ ಸಂದರ್ಭ ಕಡಿಮೆ. ನಿಮಗೆ ಇದು ಗೊತ್ತಿದೆ ಎಂಬುದು ಗುತ್ತಿಗೆದಾರನಿಗೆ ಗೊತ್ತಿದ್ದರೆ ಸಾಕು. ಚಪ್ಪಡಿ ಕೂರಿಸುವ ದಿನ ಟೇಪು ಹಿಡಿದು ನಿಲ್ಲಿ. ಅಗಲ 1.8 ಮೀಟರ್ ಇದೆಯೇ, ಎತ್ತರ ಆರಿಂಚು ಮೀರಿದೆಯೇ ಎಂದು ಅಲ್ಲಿಯೇ ನೋಡಿ. ತಪ್ಪಿದ್ದರೆ ಅದೇ ದಿನ ಕಿರಿಯ ಅಭಿಯಂತರರಿಗೆ ಚಿತ್ರ ಕಳಿಸಿ, ಮರುದಿನ ಬರಹದಲ್ಲಿ ಕೊಡಿ. ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಪಾವತಿಯಾದ ಮೇಲೆ ಸರಿಪಡಿಸುವುದು ಬಲು ಕಷ್ಟ.

ಮುಗಿದ ಮೇಲೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕಾದ ಅವಧಿಯೊಂದು ಕರಾರಿನಲ್ಲಿ ಇರುತ್ತದೆ. ಅದು ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ಮಳೆಗಾಲ ಕಳೆದ ಕೂಡಲೇ, ಅಕ್ಟೋಬರ್ ಮೊದಲ ವಾರದಲ್ಲಿ, ಆ ತುಣುಕಿನ ಈ ತುದಿಯಿಂದ ಆ ತುದಿಗೆ ನಡೆದು ಕುಸಿದ ಚಪ್ಪಡಿ, ಅಳಿಸಿದ ಪಟ್ಟಿ, ತುಂಬಿಸಿದ ಅಂಚು ಕೊಚ್ಚಿಹೋದ ಜಾಗಗಳ ಪಟ್ಟಿ ಮಾಡಿ ಕಚೇರಿಗೆ ಕೊಡಿ. ಗುತ್ತಿಗೆದಾರನ ಠೇವಣಿ ಇನ್ನೂ ಕಚೇರಿಯಲ್ಲಿಯೇ ಇರುವುದರಿಂದ ಈ ದುರಸ್ತಿಗೆ ಹೊಸ ಅನುದಾನ ಹುಡುಕಬೇಕಾಗಿಲ್ಲ.